ಗಾಜಿನ ಮಳೆಯೂ ನಮ್ಮ ಲ್ಯಾಬ್ ರೆಕಾರ್ಡೂ

ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಆರು ತಿಂಗಳಿಗೊಮ್ಮೆಯಾದರೂ ಒಂದು ರೀಲ್ ಬಂದೇ ಬರುತ್ತೆ. ಕಪ್ಪು ಆಕಾಶದಲ್ಲಿ ಕಡುನೀಲಿ ಗ್ರಹ, ಹಿಂದೆ ಎದೆ ನಡುಗಿಸೋ ಮ್ಯೂಸಿಕ್, ಮೇಲೆ ದೊಡ್ಡ ಅಕ್ಷರದಲ್ಲಿ "ಇಲ್ಲಿ ಗಾಜಿನ ಮಳೆ ಸುರಿಯುತ್ತೆ, ಅದೂ ಅಡ್ಡಡ್ಡಲಾಗಿ!" ಹೋದ ವಾರ ಮತ್ತೆ ಬಂತು. ನನ್ನ ರೂಮ್‌ಮೇಟ್ ನೋಡಿ, "ಮಗಾ, ಈ ಫೋಟೋ ಯಾವ ಟೆಲಿಸ್ಕೋಪಲ್ಲಿ ತೆಗೆದಿದ್ದು?" ಅಂದ.

ಒಳ್ಳೆ ಪ್ರಶ್ನೆ. ಉತ್ತರ ಏನಂದ್ರೆ, ಯಾವುದರಲ್ಲೂ ಅಲ್ಲ. ಅದು ಕಲಾವಿದರು ಬಿಡಿಸಿದ ಚಿತ್ರ. ಆ ಗ್ರಹವನ್ನು ಇವತ್ತಿನವರೆಗೂ ಯಾರೂ ಫೋಟೋ ತೆಗೆದಿಲ್ಲ. ವಿಜ್ಞಾನಿಗಳ ಕೈಯಲ್ಲಿ ಇರೋದು ಒಂದು ನಕ್ಷತ್ರದ ಬೆಳಕಿನ ರೀಡಿಂಗ್‌ಗಳು ಮಾತ್ರ. ಬೆಳಕು ಯಾವಾಗ ಎಷ್ಟು ಕಮ್ಮಿ ಆಯ್ತು ಅನ್ನೋ ಲೆಕ್ಕ. ನೀಲಿ ಬಣ್ಣ, ಗಾಳಿ, ಗಾಜು, ಎಲ್ಲವೂ ಆ ಲೆಕ್ಕದಿಂದ ಹೊರಬಂದದ್ದು.

ಈ ಲೇಖನದಲ್ಲಿ ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ಆ ಗ್ರಹದ ಗಾಜಿನ ಮಳೆಗಿಂತ, ಆ ರೀಡಿಂಗ್‌ಗಳ ಬಗ್ಗೆ ಇಪ್ಪತ್ತು ವರ್ಷ ನಡೆದ ಜಗಳ ನಮಗೆ, ಅಂದ್ರೆ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ, ಹೆಚ್ಚು ಬೇಕಾದ ವಿಷಯ. ಯಾಕಂದ್ರೆ ನಾವು ನಮ್ಮ ಲ್ಯಾಬ್‌ಗಳಲ್ಲಿ ಮಾಡ್ತಿರೋದು ಅದಕ್ಕೆ ಪೂರ್ತಿ ಉಲ್ಟಾ. ಮೊದಲು ಗ್ರಹದ ಕಥೆ ಹೇಳ್ತೀನಿ, ಆಮೇಲೆ ನಮ್ಮ ಕಥೆ.

ನಕ್ಷತ್ರದ ಹೆಸರು ಎಚ್‌ಡಿ 189733. ಹೆಸರಲ್ಲಿ ಮಜಾ ಇಲ್ಲ, ಅದು ಕ್ಯಾಟಲಾಗ್ ನಂಬರ್. ನಮ್ಮಿಂದ ಸುಮಾರು 64 ಜ್ಯೋತಿರ್ವರ್ಷ ದೂರ. ಸೂರ್ಯನಿಗಿಂತ ಚಿಕ್ಕದು, ತಣ್ಣಗಿನದು. ಸೂರ್ಯನ ಮೇಲ್ಮೈ ಸುಮಾರು 5,770 ಕೆಲ್ವಿನ್ ಇದ್ರೆ ಇದರದ್ದು 5,000ದ ಆಸುಪಾಸು. ಅದಕ್ಕೇ ಬಣ್ಣ ಕಿತ್ತಳೆ, ಬೆಳಕು ಸೂರ್ಯನ ಮೂರನೇ ಒಂದು ಭಾಗದಷ್ಟು ಮಾತ್ರ. ಬರಿಗಣ್ಣಿಗೆ ಕಾಣಲ್ಲ, ಬೈನಾಕ್ಯುಲರ್ ಬೇಕು. ವಲ್ಪೆಕ್ಯುಲಾ, ಅಂದ್ರೆ ಪುಟ್ಟ ನರಿ, ಅನ್ನೋ ನಕ್ಷತ್ರಪುಂಜದಲ್ಲಿ, ಡಂಬೆಲ್ ನೆಬ್ಯುಲಾ ಪಕ್ಕದಲ್ಲೇ ಇದೆ.

2005ರಲ್ಲಿ ಫ್ರಾನ್ಸಿನ ಓಟ್ ಪ್ರೊವಾನ್ಸ್ ವೀಕ್ಷಣಾಲಯದಿಂದ ಫ್ರಾಂಸ್ವಾ ಬೂಶಿ ಮತ್ತು ತಂಡ ಈ ನಕ್ಷತ್ರಕ್ಕೆ ಒಂದು ಗ್ರಹ ಇದೆ ಅಂತ ಪ್ರಕಟಿಸಿದರು. ಗುರು ಗ್ರಹಕ್ಕಿಂತ ಸ್ವಲ್ಪ ದೊಡ್ಡದು. ಆದ್ರೆ ನಕ್ಷತ್ರದಿಂದ ಅದರ ದೂರ ಸುಮಾರು 47 ಲಕ್ಷ ಕಿಲೋಮೀಟರ್ ಅಷ್ಟೇ. ನಮ್ಮ ಬುಧ ಗ್ರಹ ಸೂರ್ಯನಿಂದ ಸುಮಾರು 5.8 ಕೋಟಿ ಕಿಲೋಮೀಟರ್ ದೂರ ಇದೆ, ಅದರ ಹನ್ನೆರಡನೇ ಒಂದು ಭಾಗ. ಒಂದು ಸುತ್ತು ಮುಗಿಸೋಕೆ 2.2 ದಿನ. ಸೋಮವಾರ ಒಂಬತ್ತರ ಫಸ್ಟ್ ಅವರ್‌ಗೆ ಶುರುವಾದ ವರ್ಷ ಬುಧವಾರ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದೇ ಹೋಗುತ್ತೆ.

ಪ್ರತಿ ಸುತ್ತಿನಲ್ಲೂ ಈ ಗ್ರಹ ನಮಗೂ ನಕ್ಷತ್ರಕ್ಕೂ ನಡುವೆ ಹಾದುಹೋಗುತ್ತೆ. ಆಗ ಹತ್ತಿರ ಹತ್ತಿರ ಎರಡು ಗಂಟೆ ನಕ್ಷತ್ರದ ಬೆಳಕು 2.4 ಪರ್ಸೆಂಟ್ ಕಮ್ಮಿ ಆಗುತ್ತೆ. ನಮ್ಮ ಸೂರ್ಯನ ಮುಂದೆ ಇದೇ ಗ್ರಹ ಹಾದುಹೋಗಿದ್ರೆ 1.4 ಪರ್ಸೆಂಟ್ ಮಾತ್ರ ಕಮ್ಮಿ ಆಗ್ತಿತ್ತು, ಯಾಕಂದ್ರೆ ಸೂರ್ಯ ದೊಡ್ಡದು. ದೀಪ ಚಿಕ್ಕದಾದಷ್ಟೂ ಅದರ ಮುಂದೆ ಹಾರೋ ಹುಳು ಚೆನ್ನಾಗಿ ಗೊತ್ತಾಗುತ್ತೆ, ಅಲ್ವಾ? ಹಾಗೆ. ಮಂಕು ನಕ್ಷತ್ರ ಆಗಿದ್ದೇ ಇಲ್ಲಿ ಲಾಭ. ಈ ದೊಡ್ಡ ಸಿಗ್ನಲ್ ಮತ್ತು ಹತ್ತಿರದ ದೂರ, ಎರಡೂ ಸೇರಿ ಈ ಜೋಡಿಯನ್ನು ಖಗೋಳ ವಿಜ್ಞಾನಿಗಳ ಮೆಚ್ಚಿನ ಪ್ರಯೋಗಶಾಲೆ ಮಾಡಿಬಿಟ್ಟವು. 2007ರಲ್ಲಿ ಸ್ಪಿಟ್ಜರ್ ದೂರದರ್ಶಕ 33 ಗಂಟೆ ಇದನ್ನೇ ದಿಟ್ಟಿಸಿ ನೋಡಿ ಕೊಟ್ಟ ಡೇಟಾದಿಂದ ಹೆದರ್ ನಟ್ಸನ್ ತಂಡ ಗ್ರಹದ ತಾಪಮಾನದ ನಕ್ಷೆ ಬರೆಯಿತು. ಸೌರಮಂಡಲದ ಹೊರಗಿನ ಗ್ರಹವೊಂದಕ್ಕೆ ಅಂಥ ನಕ್ಷೆ ಅದೇ ಮೊದಲು. ಬಿಸಿ ಕಡೆ 1,212 ಕೆಲ್ವಿನ್, ತಣ್ಣನೆ ಕಡೆ 973. ತಣ್ಣನೆ ಕಡೆನೇ 700 ಡಿಗ್ರಿ ಸೆಲ್ಸಿಯಸ್!

ಇಲ್ಲಿಂದ ಮುಂದೆ ಕಷ್ಟ ಶುರು.

ಗ್ರಹ ಇದೆ ಅಂತ ಹೇಳೋಕೆ 2.4 ಪರ್ಸೆಂಟ್ ಸಾಕು. ಅದರ ವಾತಾವರಣದಲ್ಲಿ ಏನಿದೆ ಅಂತ ಹೇಳೋಕೆ ಸಾಕಾಗಲ್ಲ. ನಕ್ಷತ್ರದ ಬೆಳಕಿನ ಒಂದು ಸಣ್ಣ ಪಾಲು ಗ್ರಹದ ಅಂಚಿನ ಗಾಳಿಯ ಮೂಲಕ ತೂರಿ ಬರುತ್ತೆ. ಯಾವ ಅನಿಲ ಇದೆಯೋ ಅದು ತನಗೆ ಇಷ್ಟವಾದ ತರಂಗಾಂತರವನ್ನು ನುಂಗುತ್ತೆ. ಹಾಗಾಗಿ ಆ ತರಂಗಾಂತರದಲ್ಲಿ ಗ್ರಹ ಒಂಚೂರು ದಪ್ಪ ಕಾಣುತ್ತೆ. ಎಷ್ಟು ಒಂಚೂರು? ಕ್ಯಾಲ್ಕುಲೇಟರ್ ತಗೊಳ್ಳಿ, ಇದು ನಮ್ಮ ಕೈಯಲ್ಲೇ ಆಗೋ ಲೆಕ್ಕ. ತಾಪಮಾನ 1,200 ಕೆಲ್ವಿನ್, ಹೆಚ್ಚಿನಂಶ ಹೈಡ್ರೋಜನ್, ಗುರುತ್ವ ನಮ್ಮ ಭೂಮಿಯ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಂತ ಹಾಕಿದ್ರೆ, ಆ ವಾತಾವರಣದ ಸ್ಕೇಲ್ ಹೈಟ್ ಸುಮಾರು 200 ಕಿಲೋಮೀಟರ್ ಬರುತ್ತೆ. ಗ್ರಹದ ತ್ರಿಜ್ಯ 80 ಸಾವಿರ ಕಿಲೋಮೀಟರ್ ಚಿಲ್ಲರೆ. ಅದಕ್ಕೆ 200 ಕಿಲೋಮೀಟರ್ ಸೇರಿಸಿದ್ರೆ ಬೆಳಕಿನಲ್ಲಿ ಆಗೋ ವ್ಯತ್ಯಾಸ ಹತ್ತು ಸಾವಿರದಲ್ಲಿ ಒಂದು ಪಾಲು. ಹುಡುಕಬೇಕಾಗಿರೋದು ಇದನ್ನ.

ಈಗ ಇನ್ನೊಂದು ವಿಷಯ. ಈ ಕಿತ್ತಳೆ ನಕ್ಷತ್ರ ಶಾಂತ ಸ್ವಭಾವದ್ದಲ್ಲ. ಸೂರ್ಯನಿಗೆ ಇರೋ ಹಾಗೆ ಇದರ ಮೈಮೇಲೂ ಕಪ್ಪು ಕಲೆಗಳಿವೆ, ಇನ್ನೂ ಜೋರಾಗಿವೆ. ಸುಮಾರು 12 ದಿನಕ್ಕೊಮ್ಮೆ ತನ್ನ ಸುತ್ತ ತಾನು ತಿರುಗುವಾಗ ಕಲೆಗಳು ಎದುರಿಗೆ ಬಂದು ಮರೆಯಾಗಿ, ಅದರ ಬೆಳಕು ತಾನಾಗೇ ಒಂದೆರಡು ಪರ್ಸೆಂಟ್ ಏರಿಳಿಯುತ್ತೆ. ಗ್ರಹ ಹಾದುಹೋಗದ ಜಾಗದಲ್ಲಿರೋ ಕಲೆಗಳಿಂದ ನಕ್ಷತ್ರ 1 ಪರ್ಸೆಂಟ್ ಮಂಕಾಗಿದೆ ಅಂದುಕೊಳ್ಳಿ. ಆಗ ಗ್ರಹ ಮುಚ್ಚೋ ಪಾಲು ನಿಜಕ್ಕಿಂತ ಜಾಸ್ತಿ ಕಾಣುತ್ತೆ. 2.4 ಪರ್ಸೆಂಟಿನ 1 ಪರ್ಸೆಂಟ್, ಅಂದ್ರೆ ಹತ್ತು ಸಾವಿರದಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು. ನಾವು ಹುಡುಕ್ತಿರೋ ಸಿಗ್ನಲ್‌ಗಿಂತ ಎರಡು ಪಟ್ಟು! ಮೇಲಿಂದ ಕಲೆಯ ಪರಿಣಾಮ ನೀಲಿ ಬೆಳಕಲ್ಲಿ ಜಾಸ್ತಿ, ಕೆಂಪಲ್ಲಿ ಕಮ್ಮಿ. ಹಾಗಾಗಿ ನಕ್ಷತ್ರದ ಕಲೆ ಗ್ರಹದ ಗಾಳಿಯ ವೇಷ ಹಾಕ್ಕೊಂಡು ಬರಬಹುದು. ಯಾವ ನಕ್ಷತ್ರ ಚಿಕ್ಕದಾಗಿ ನಮಗೆ ಅನುಕೂಲ ಮಾಡಿಕೊಟ್ಟಿತೋ ಅದೇ ಕಣ್ಣಿಗೆ ಮಣ್ಣೆರಚುತ್ತೆ.

ಇಂಥ ಕಡೆ ತಪ್ಪು ಆಗದೇ ಇರುತ್ತಾ? ಆಯ್ತು. ಆಗಿದ್ದನ್ನ ಯಾರೂ ಮುಚ್ಚಿಡಲಿಲ್ಲ ಅನ್ನೋದೇ ನನಗೆ ಹಿಡಿಸಿದ್ದು.

2008ರಲ್ಲಿ ಮಾರ್ಕ್ ಸ್ವೈನ್ ಮತ್ತು ಜೊತೆಗಾರರು ಹಬಲ್ ದೂರದರ್ಶಕದ ನಿಕ್‌ಮಾಸ್ ಉಪಕರಣದ ಡೇಟಾದಲ್ಲಿ ಈ ಗ್ರಹದ ಮೀಥೇನ್ ಕಂಡಿದೆ ಅಂತ ನೇಚರ್ ಪತ್ರಿಕೆಯಲ್ಲಿ ಬರೆದರು. ದೂರದ ಗ್ರಹವೊಂದರಲ್ಲಿ ಮೊದಲ ಸಾವಯವ ಅಣು ಅಂತ ಜಗತ್ತೆಲ್ಲ ಸುದ್ದಿ ಆಯ್ತು. 2011ರಲ್ಲಿ ನೀಲ್ ಗಿಬ್ಸನ್, ಫ್ರೆಡೆರಿಕ್ ಪಾಂಟ್, ಸುಝಾನ್ ಎಗ್ರೇನ್ ಅದೇ ಡೇಟಾ ತಗೊಂಡು ಮೊದಲಿಂದ ಲೆಕ್ಕ ಹಾಕಿದರು. ಉಪಕರಣದ ಸ್ವಂತ ಏರಿಳಿತವನ್ನು ತೆಗೆದುಹಾಕೋ ವಿಧಾನ ಬದಲಾಯಿಸಿದರೆ ಉತ್ತರವೂ ಬದಲಾಗುತ್ತೆ, ಹಾಗಾಗಿ ಅಣು ಸಿಕ್ಕಿದೆ ಅಂತ ಗಟ್ಟಿಯಾಗಿ ಹೇಳೋಕೆ ಆಗಲ್ಲ ಅಂದರು. ಡೇಟಾ ಅದೇ, ಅಂಕಿ ಅವೇ. ಬದಲಾಗಿದ್ದು ತಪ್ಪಿನ ಲೆಕ್ಕ ಮಾತ್ರ.

ಇನ್ನೊಂದು ಜಗಳದಲ್ಲಿ ನಮ್ಮ ಬೆಂಗಳೂರೂ ಇದೆ. ಅದೇ 2008ರಲ್ಲಿ ಸ್ವೆಟ್ಲಾನಾ ಬೆರ್ಡ್ಯುಗಿನಾ ತಂಡ ಈ ಗ್ರಹದಿಂದ ಪ್ರತಿಫಲಿಸಿ ಬಂದ ಧ್ರುವೀಕೃತ ಬೆಳಕು ಸಿಕ್ಕಿದೆ ಅಂತ ಪ್ರಕಟಿಸಿತು. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಸುಜನ್ ಸೇನ್‌ಗುಪ್ತ ಆ ವರ್ಷವೇ, ಗ್ರಹದಲ್ಲಿ ಮೋಡ ಇದ್ದರೆ ಅಷ್ಟು ಧ್ರುವೀಕರಣ ಹೇಗೆ ಬರಬಹುದು ಅಂತ ಮಾಡೆಲ್ ಮಾಡಿ ತೋರಿಸಿದರು. 2009ರಲ್ಲಿ ಸ್ಲೋನ್ ವಿಕ್ಟೊರೊವಿಟ್ಜ್ ಅಮೆರಿಕದ ಪಾಲೋಮಾರ್‌ನಲ್ಲಿ ತಮ್ಮದೇ ಉಪಕರಣ ಇಟ್ಟು ನೋಡಿ, ನನಗೆ ಅದು ಕಾಣಲಿಲ್ಲ ಅಂದರು. "ಕಾಣಲಿಲ್ಲ" ಅನ್ನೋದೂ ಒಂದು ಪೇಪರ್ ಆಯ್ತು ನೋಡಿ. ನಮ್ಮಲ್ಲಿ "ಕಾಣಲಿಲ್ಲ" ಅಂತ ಬರೆದ್ರೆ ರಿಪೀಟ್ ಹಾಕ್ತಾರೆ.

ರೀಲ್‌ನ ನೀಲಿ ಬಣ್ಣ ಬಂದದ್ದು 2013ರಲ್ಲಿ. ಟಾಮ್ ಎವನ್ಸ್ ತಂಡ ಹಬಲ್‌ನಿಂದ, ಗ್ರಹ ನಕ್ಷತ್ರದ ಹಿಂದೆ ಮರೆಯಾಗೋ ಹೊತ್ತಲ್ಲಿ ಒಟ್ಟು ಬೆಳಕು ಎಷ್ಟು ಕಮ್ಮಿ ಆಗುತ್ತೆ ಅಂತ ಅಳೆಯಿತು. ನೀಲಿ ಕಡೆ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಕಮ್ಮಿ ಆಯ್ತು, ಹಸಿರು ಕಡೆ ಹೇಳಿಕೊಳ್ಳೋವಷ್ಟು ಏನೂ ಆಗಲಿಲ್ಲ. ಅಂದ್ರೆ ಗ್ರಹ ವಾಪಸ್ ಕಳಿಸ್ತಿದ್ದ ಬೆಳಕು ನೀಲಿ. ಪೇಪರ್‌ನಲ್ಲಿ ಪ್ರತಿಫಲನದ ಪ್ರಮಾಣ 0.40, ಪಕ್ಕದಲ್ಲೇ ಪ್ಲಸ್ ಆರ್ ಮೈನಸ್ 0.12 ಅಂತ ಇದೆ. ರೀಲ್‌ನಲ್ಲಿ ಮೊದಲು ಬಿದ್ದುಹೋಗಿದ್ದು ಆ ಪ್ಲಸ್ ಆರ್ ಮೈನಸ್ಸೇ. ಗಾಜಿನ ವಿಷಯವೂ ಹಾಗೇ. ಬೆಳಕನ್ನು ಚದುರಿಸ್ತಿರೋ ಮಂಜು ಸಿಲಿಕೇಟ್ ಕಣಗಳಿಂದ ಆಗಿರಬಹುದು ಅಂತ 2008ರಲ್ಲಿ ಒಂದು ಪೇಪರ್ ಸೂಚಿಸಿತ್ತು. 2015ರಲ್ಲಿ ಸೆಕೆಂಡಿಗೆ ಎರಡು ಕಿಲೋಮೀಟರಿಗೂ ಹೆಚ್ಚು ವೇಗದ ಗಾಳಿ ಅಳತೆಯಲ್ಲಿ ಸಿಕ್ಕಿತು. "ಸಿಲಿಕೇಟ್ ಇರಬಹುದು", "ಗಾಳಿ ಜೋರಾಗಿದೆ", ಎರಡನ್ನೂ ಕೂಡಿಸಿದ್ರೆ ಅಡ್ಡಡ್ಡ ಗಾಜಿನ ಮಳೆ.

ಕೊನೆಗೆ 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಫಲಿತಾಂಶ ಬಂತು. ಗುವಾಂಗ್‌ವೇ ಫು ತಂಡಕ್ಕೆ ನೀರು, ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಜೊತೆಗೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸಿಕ್ಕವು. ಮೀಥೇನ್ ಸಿಗಲಿಲ್ಲ. ಅದೇ ವರ್ಷ ಇನ್ನೊಂದು ತಂಡ ಗ್ರಹದ ಹಗಲಿನ ಕಡೆಯ ಮೋಡಗಳಲ್ಲಿ ಕ್ವಾರ್ಟ್ಜ್ ಕಣಗಳ ಗುರುತು ಇದೆ ಅಂತ ಬರೆಯಿತು. ಅಂದ್ರೆ ಸಿಲಿಕೇಟ್ ಊಹೆ ಹೊಡೆದಿದ್ದು ಗುರಿಯ ಹತ್ತಿರಕ್ಕೇ. ಮೀಥೇನ್ ಊಹೆ ಬಿತ್ತು. 2008ರಲ್ಲಿ ಎರಡೂ ಒಂದೇ ಥರ ಕಾಣ್ತಿದ್ದವು. ಯಾವುದು ನಿಲ್ಲುತ್ತೆ ಅಂತ ಗೊತ್ತಾಗೋಕೆ 16 ವರ್ಷ ಬೇಕಾಯ್ತು. ಆ 16 ವರ್ಷದಲ್ಲಿ ಯಾರಾದ್ರೂ ಬೇಕಾದ ಉತ್ತರಕ್ಕೆ ತಕ್ಕ ಹಾಗೆ ಅಂಕಿ ತಿದ್ದಿದ್ರೆ ಇವತ್ತಿಗೂ ಗೊತ್ತಾಗ್ತಿರಲಿಲ್ಲ.

ಈಗ ನಮ್ಮ ಕಥೆ. ಇದು ದೂರು ಅಲ್ಲ, ತಪ್ಪೊಪ್ಪಿಗೆ.

ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್‌ನಲ್ಲಿ ಗ್ರೇಟಿಂಗ್ ಇಟ್ಟು ಲೇಸರ್ ತರಂಗಾಂತರ ಕಂಡುಹಿಡಿಯೋ ಪ್ರಯೋಗ ನಿಮಗೆಲ್ಲ ನೆನಪಿರಬೇಕು. ಕೆಂಪು ಲೇಸರ್, ಬರಬೇಕಾದ ಉತ್ತರ 650 ನ್ಯಾನೋಮೀಟರ್. ನಮ್ಮ ಬ್ಯಾಚಿಗೆ ಬಂದದ್ದು 613. ಮತ್ತೆ ಮಾಡಿದ್ವಿ, ಮತ್ತೆ 613ರ ಹತ್ತಿರವೇ. ಬೆಲ್ ಆಗೋಕೆ ಇಪ್ಪತ್ತು ನಿಮಿಷ ಇತ್ತು. ಸೀನಿಯರ್ ಒಬ್ಬರ ರೆಕಾರ್ಡ್‌ನ ಪಿಡಿಎಫ್ ಫೋನಲ್ಲಿತ್ತು. ಉತ್ತರ ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಚುಕ್ಕಿಗಳ ನಡುವಿನ ದೂರವನ್ನು ಮಿಲಿಮೀಟರ್‌ಗಳಲ್ಲಿ ತುಂಬಿಸಿದ್ವಿ. ಅನುಮಾನ ಬರಬಾರದು ಅಂತ 650 ಹಾಕದೆ 648 ಹಾಕಿದ್ವಿ. ಸೈನ್ ಆಯ್ತು, ಹತ್ತಕ್ಕೆ ಹತ್ತು ಬಂತು.

613 ಯಾಕೆ ಬಂತು ಅಂತ ಆವತ್ತು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಈ ಗ್ರಹದ ಪೇಪರ್‌ಗಳನ್ನ ಓದ್ತಾ ಇದ್ದಾಗ ಹಳೇ ಅಬ್ಸರ್ವೇಷನ್ ಬುಕ್ ತೆಗೆದು ಮತ್ತೆ ನೋಡಿದೆ. ಪೆನ್ಸಿಲ್‌ನಲ್ಲಿ ಬರೆದ ಮೊದಲ ರೀಡಿಂಗ್‌ಗಳು ಇನ್ನೂ ಇದ್ದವು. ಪಕ್ಕದಲ್ಲಿ ನಾನೇ ಬಿಡಿಸಿದ ಚಿತ್ರವೂ ಇತ್ತು. ಪರದೆಯ ದೂರವನ್ನು ಲೇಸರ್ ಡಬ್ಬಿಯ ಬಾಯಿಂದ ಅಳೆದಿದ್ವಿ. ಅಳೆಯಬೇಕಾಗಿದ್ದು ಗ್ರೇಟಿಂಗ್‌ನಿಂದ. ಎರಡರ ನಡುವೆ ಆರು ಸೆಂಟಿಮೀಟರ್ ಇತ್ತು. ಗ್ರೇಟಿಂಗ್‌ನಿಂದ ಪರದೆಗೆ ಒಂದು ಮೀಟರ್. 613ನ್ನು 1.06ರಿಂದ ಗುಣಿಸಿ ನೋಡಿ, 650 ಬರುತ್ತೆ.

ಒಂದು ವರ್ಷ ತಡವಾಗಿ ನಾನು ಕುಣಿದುಬಿಟ್ಟೆ. ನಮ್ಮ ಕಣ್ಣು ಸರಿ ಇತ್ತು, ಸ್ಕೇಲ್ ಸರಿ ಇತ್ತು, ಲೇಸರ್ ಸರಿ ಇತ್ತು. 613 ಅನ್ನೋ ಅಂಕಿ "ಆರು ಸೆಂಟಿಮೀಟರ್ ಎಲ್ಲೋ ತಪ್ಪಿದ್ದೀರಿ" ಅಂತ ಕೂಗಿ ಹೇಳ್ತಿತ್ತು. ನಾವು ಅದನ್ನ ರಬ್ಬರ್‌ನಿಂದ ಉಜ್ಜಿ, 648 ಅನ್ನೋ ಏನೂ ಹೇಳದ ಅಂಕಿ ಬರೆದಿದ್ವಿ. ಹತ್ತಕ್ಕೆ ಹತ್ತು ಬಂದ ಆ ಪುಟದಿಂದ ನಾನು ಕಲಿತಿದ್ದು ಸೊನ್ನೆ.

"ಲೋ, ಇದೆಲ್ಲ ಹೇಳೋಕೆ ಚೆನ್ನಾಗಿರುತ್ತೆ" ಅಂತ ನೀವು ಅನ್ನಬಹುದು. ನಿಮ್ಮ ಮಾತಲ್ಲೂ ಸತ್ಯ ಇದೆ. ಎರಡು ಗಂಟೆ ಲ್ಯಾಬ್, ಒಂದು ಸೆಟಪ್ಪಿಗೆ ನಾಲ್ಕೈದು ಜನ, ಕೆಲವು ಮೀಟರ್‌ಗಳು ನಮಗಿಂತ ವಯಸ್ಸಾದವು. ತಪ್ಪು ಉತ್ತರಕ್ಕೆ ಮಾರ್ಕ್ಸ್ ಹೋದ್ರೆ ಸಿಜಿಪಿಎ ಬೀಳುತ್ತೆ, ಸಿಜಿಪಿಎ ಬಿದ್ರೆ ಪ್ಲೇಸ್‌ಮೆಂಟ್‌ಗೆ ಕೂರೋಕೆ ಬಿಡಲ್ಲ. ಮೇಷ್ಟ್ರುಗಳ ಕಷ್ಟವೂ ಇದೆ, ಅರವತ್ತು ರೆಕಾರ್ಡ್ ಒಂದೇ ಸಂಜೆ ತಿದ್ದುವಾಗ ಉತ್ತರ ನೋಡಿ ಟಿಕ್ ಹಾಕೋದು ಬಿಟ್ಟು ಬೇರೆ ದಾರಿ ಇರಲ್ಲ. ವಿಜ್ಞಾನಿಗಳೇನೂ ನಮಗಿಂತ ಪ್ರಾಮಾಣಿಕರಾಗಿ ಹುಟ್ಟಿದವರಲ್ಲ ಅಂತಾನೂ ನನಗನ್ನಿಸುತ್ತೆ. ಅವರ ವ್ಯವಸ್ಥೆಯಲ್ಲಿ ಇನ್ನೊಬ್ಬರು ಅದೇ ಡೇಟಾ ತೆಗೆದು ಮತ್ತೆ ಲೆಕ್ಕ ಹಾಕ್ತಾರೆ. ತಪ್ಪು ಹುಡುಕಿದವರಿಗೆ ಅಲ್ಲಿ ಹೆಸರು ಬರುತ್ತೆ. ನಮ್ಮ ವ್ಯವಸ್ಥೆಯಲ್ಲಿ ತಪ್ಪು ಅಡಗಿಸಿದವರಿಗೆ ಹತ್ತು ಬರುತ್ತೆ. ಇಬ್ಬರೂ ಯಾವುದಕ್ಕೆ ಬಹುಮಾನ ಸಿಗುತ್ತೋ ಅದನ್ನೇ ಮಾಡ್ತಿದ್ದೀವಿ.

ಆದ್ರೆ ನಾಲ್ಕು ವರ್ಷ ಹೀಗೇ ಮಾಡಿ ಹೊರಗೆ ಹೋದ್ರೆ? ನಮ್ಮಲ್ಲಿ ಸಿವಿಲ್‌ನವರು ನಾಳೆ ಕಾಂಕ್ರೀಟ್ ಕ್ಯೂಬ್ ಒಡೆದು ಶಕ್ತಿ ಎಷ್ಟು ಅಂತ ಬರೀತಾರೆ. ಮೆಕ್ಯಾನಿಕಲ್‌ನವರು ಬ್ರೇಕ್ ಟೆಸ್ಟ್ ಮಾಡ್ತಾರೆ. ಕಂಪ್ಯೂಟರ್ ಸೈನ್ಸ್‌ನವರು ಮಾಡೆಲ್‌ನ ಆಕ್ಯುರಸಿ ಎಷ್ಟು ಅಂತ ಸ್ಲೈಡ್ ಹಾಕ್ತಾರೆ. ಅಲ್ಲೂ "ಬರಬೇಕಾದ" ಅಂಕಿ ಒಂದಿರುತ್ತೆ, ಅಲ್ಲೂ ಬೆಲ್ ಆಗೋಕೆ ಇಪ್ಪತ್ತು ನಿಮಿಷ ಇರುತ್ತೆ. 64 ಜ್ಯೋತಿರ್ವರ್ಷ ದೂರದ ಮೀಥೇನ್ ತಪ್ಪಾದ್ರೆ ಯಾರ ತಲೆ ಮೇಲೂ ಏನೂ ಬೀಳಲ್ಲ. ಆ ಕ್ಯೂಬ್‌ನ ಅಂಕಿ ತಪ್ಪಾದ್ರೆ ಬೀಳುತ್ತೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ರೆಕಾರ್ಡ್‌ನ ಹತ್ತು ಮಾರ್ಕ್ಸ್‌ನಲ್ಲಿ ಮೂರನ್ನ "ಉತ್ತರ ಯಾಕೆ ಬೇರೆ ಬಂತು" ಅನ್ನೋದಕ್ಕೆ ಇಡಿ. "ಹ್ಯೂಮನ್ ಎರರ್, ಪ್ಯಾರಲಾಕ್ಸ್ ಎರರ್" ಅಂತ ಬಾಯಿಪಾಠ ಬರೆದ್ರೆ ಸೊನ್ನೆ ಕೊಡಿ. ಎಲ್ಲಿ ಎಷ್ಟು ತಪ್ಪಿರಬಹುದು, ಅದರಿಂದ ಉತ್ತರ ಎಷ್ಟು ಸರಿಯಬಹುದು ಅಂತ ಅಂಕಿಯಲ್ಲಿ ಹೇಳಿದ್ರೆ, ಉತ್ತರ 613 ಇದ್ರೂ ಪೂರ್ತಿ ಕೊಡಿ. ಇದಕ್ಕೆ ಹೊಸ ಉಪಕರಣ ಬೇಡ, ಫಂಡ್ ಬೇಡ. ಲ್ಯಾಬ್ ಕೋಆರ್ಡಿನೇಟರ್‌ಗಳು ಒಂದು ಮೀಟಿಂಗಲ್ಲಿ ತೀರ್ಮಾನ ಮಾಡಬಹುದು. ನಾವು ವಿದ್ಯಾರ್ಥಿಗಳು ಮಾಡಬಹುದಾದ್ದು ಇನ್ನೂ ಸುಲಭ. ಹಳೇ ರೆಕಾರ್ಡ್ ಪಿಡಿಎಫ್‌ನ್ನು ಜೂನಿಯರ್‌ಗಳಿಗೆ ಕಳಿಸೋದು ನಿಲ್ಲಿಸೋಣ. ಕಳಿಸಲೇಬೇಕು ಅಂದ್ರೆ ನಮ್ಮ ಪೆನ್ಸಿಲ್ ರೀಡಿಂಗ್ ಕಳಿಸೋಣ, ತಪ್ಪು ಎಲ್ಲಿತ್ತು ಅನ್ನೋದನ್ನೂ ಬರೆದು. ನನ್ನ 613ರ ಪುಟದ ಫೋಟೋ ನಮ್ಮ ಜೂನಿಯರ್ಸ್ ಗ್ರೂಪಿಗೆ ಈಗಾಗಲೇ ಹಾಕಿದ್ದೀನಿ. ಒಬ್ಬ "ಅಣ್ಣ, ಕರೆಕ್ಟ್ ಇರೋದು ಕಳಿಸಿ" ಅಂತ ರಿಪ್ಲೈ ಮಾಡಿದ. ಇದೇ ಕರೆಕ್ಟ್ ಅಂತ ಅವನಿಗೆ ಫೋನ್ ಮಾಡಿ ಹತ್ತು ನಿಮಿಷ ಹೇಳಬೇಕಾಯ್ತು.

ಅಕ್ಟೋಬರ್‌ನಲ್ಲಿ ಮೋಡ ಇಲ್ಲದ ಸಂಜೆ ಏಳೂವರೆಗೆ ಹಾಸ್ಟೆಲ್ ಟೆರೇಸಿಗೆ ಬನ್ನಿ. ಅಭಿಜಿತ್, ಶ್ರವಣ, ಡೆನೆಬ್, ಈ ಮೂರು ನಕ್ಷತ್ರಗಳ ತ್ರಿಕೋನ ಹೆಚ್ಚುಕಮ್ಮಿ ನೆತ್ತಿ ಮೇಲೇ ಇರುತ್ತೆ. ಅದರೊಳಗೆ ಎಲ್ಲೋ ಆ ಮಂಕು ಕಿತ್ತಳೆ ನಕ್ಷತ್ರ ಇದೆ. ಯಾರ ಹತ್ತಿರವಾದ್ರೂ ಬೈನಾಕ್ಯುಲರ್ ಇದ್ರೆ ತನ್ನಿ. ನೀಲಿ ಬಣ್ಣ ಕಾಣಲ್ಲ, ಗಾಜಿನ ಮಳೆಯೂ ಕಾಣಲ್ಲ, ಒಂದು ಸಣ್ಣ ಚುಕ್ಕಿ ಕಾಣುತ್ತೆ. ಉಳಿದಿದ್ದೆಲ್ಲ ಆ ಚುಕ್ಕಿಯನ್ನ ಪ್ರಾಮಾಣಿಕವಾಗಿ ಅಳೆದು ಸಿಕ್ಕಿದ್ದು.